ಮನೆಯ ದಿನಚರಿಯಲ್ಲಿರುವ ವಿಶ್ವಾಸವೂ ಕಾಣಲಿ

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್ ಮತ್ತು ಗುಡ್ ಫ್ರೈಡೇ ಹತ್ತಿರ ಬಂದಾಗ ನಮ್ಮ ಭಾಗದ ಪತ್ರಿಕೆಗಳಲ್ಲಿ ಚರ್ಚುಗಳ ಚಿತ್ರ, ಗೋದಲಿ, ದೀಪಾಲಂಕಾರ, ಸಭಾಪಾಲಕರ ಸಂದೇಶ ಇವೆಲ್ಲ ತಪ್ಪದೆ ಪ್ರಕಟವಾಗುತ್ತವೆ. ಅದಕ್ಕೆ ಕೃತಜ್ಞಳಾಗಿದ್ದೇನೆ. ಆದರೆ ಕ್ರೈಸ್ತ ವಿಶ್ವಾಸವೆಂದರೆ ವರ್ಷಕ್ಕೆರಡು ಹಬ್ಬ, ವಾರಕ್ಕೊಂದು ಆರಾಧನೆ ಎಂಬ ಭಾವನೆ ಓದುಗರಲ್ಲಿ ಬೇರೂರಿದ್ದರೆ ಅದರ ಹೊಣೆಯನ್ನು ಪತ್ರಿಕೆಗಳ ಮೇಲಷ್ಟೇ ಹೊರಿಸುವಂತಿಲ್ಲ. ಸಭೆಯವರಾದ ನಾವೂ ಹಾಗೆಯೇ ನಡೆದುಕೊಳ್ಳುತ್ತಿದ್ದೇವೆ. ಮಕ್ಕಳನ್ನು ಭಾನುವಾರ ಶಾಲೆಗೆ ತಂದು ಬಿಟ್ಟರೆ ತಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯುವ ತಂದೆತಾಯಂದಿರೇ ಹೆಚ್ಚು. ಅದೇ ಶಾಲೆಯಲ್ಲಿ ಪಾಠ ಹೇಳುವವಳಾಗಿ ನಾನು ಹೇಳಬೇಕಾದದ್ದು ಇಷ್ಟೆ: ವಾರದಲ್ಲಿ ಒಂದು ಗಂಟೆ ನಾವು ಬಾಯಿಪಾಠ ಮಾಡಿಸುವ ವಾಕ್ಯಗಳು ನಿಜವೋ ಸುಳ್ಳೋ ಎಂಬುದನ್ನು ಮಗು ಉಳಿದ ಹೊತ್ತಿನಲ್ಲಿ ತನ್ನ ಮನೆಯವರನ್ನು ನೋಡಿಯೇ ತೀರ್ಮಾನಿಸುತ್ತದೆ.

ಇದು ಹೊಸ ಮಾತೇನಲ್ಲ. ದೇವರ ಆಜ್ಞೆಗಳನ್ನು ಮನೆಯಲ್ಲಿ ಕುಳಿತಿರುವಾಗಲೂ ದಾರಿ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ಮಕ್ಕಳೊಡನೆ ಮಾತನಾಡಬೇಕೆಂದು ಬೈಬಲಿನ ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಲ್ಲಿಯೇ ಹೇಳಿದೆ. ಯೇಸುಸ್ವಾಮಿಯ ಸಾಮ್ಯಗಳನ್ನು, ಅಂದರೆ ದೃಷ್ಟಾಂತ ಕಥೆಗಳನ್ನು ನೋಡಿದರೆ ಅಲ್ಲಿಯೂ ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವ ಹೆಂಗಸು, ಹಿಟ್ಟಿಗೆ ಹುಳಿ ಬೆರೆಸುವವಳು, ನಡುರಾತ್ರಿ ರೊಟ್ಟಿ ಕೇಳಲು ಬಂದ ಗೆಳೆಯನಿಗೆ ಮಕ್ಕಳು ಮಲಗಿದ್ದಾರೆ, ಏಳಲಾರೆ ಎಂದು ಒಳಗಿನಿಂದಲೇ ಗೊಣಗುವ ಗೃಹಸ್ಥ ಇಂಥವರೇ ಎದುರಾಗುತ್ತಾರೆ. ಈ ಗೃಹಸ್ಥನ ಗೊಣಗಾಟವನ್ನು ಸುವಾರ್ತೆ ಬರೆದ ಲೂಕನು ಬಿಡದೆ ಬರೆದಿಟ್ಟದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಮೊಬೈಲಿನಲ್ಲಿ ಬೆಳಗಾದರೆ ಬಂದು ಬೀಳುವ, ಎಲ್ಲರೂ ನಗುತ್ತಿರುವ ಆದರ್ಶ ಕುಟುಂಬದ ಸುವಿಚಾರಗಳಲ್ಲಿ ಅಂಥ ಒಬ್ಬ ಮನುಷ್ಯನೂ ಸಿಗುವುದಿಲ್ಲ.

ನಮ್ಮ ಗುಳೇದಗುಡ್ಡದಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ ಕೆಲಸ ಆರಂಭಿಸಿದ್ದು 1851ರಲ್ಲಿ. ಊರು ಆಗಲೂ ನೇಕಾರರದು, ಈಗಲೂ ಖಣಕ್ಕೆ ಹೆಸರಾದದ್ದು. ಕುಣಿಮಗ್ಗವಿರುವ ಮನೆಯಲ್ಲಿ ಕೆಲಸದ ಕೋಣೆ ಬೇರೆ, ಬದುಕುವ ಕೋಣೆ ಬೇರೆ ಎಂಬುದಿಲ್ಲ. ಹಿರಿಯರು ಕುಣಿಯಲ್ಲಿ ಕಾಲಿಳಿಬಿಟ್ಟು ಲಾಳಿ ಓಡಿಸುತ್ತಿದ್ದರೆ ಪಕ್ಕದಲ್ಲಿಯೇ ಒಬ್ಬರು ಕಂಡಿಕೆ ಸುತ್ತುತ್ತಿರುತ್ತಾರೆ, ಅಲ್ಲಿಯೇ ಮಕ್ಕಳ ಅಭ್ಯಾಸ, ಅಲ್ಲಿಯೇ ಬಂದವರಿಗೆ ಚಹಾ. ಇಂಥ ಮನೆಯ ಮಕ್ಕಳಿಗೆ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಗಳ ಸಂಗತಿಯನ್ನು ವಿವರಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಅವರದು ಗುಡಾರ ಮಾಡುವ ಕಸುಬು. ಅಪೊಸ್ತಲನಾದ ಪೌಲನು ಕೊರಿಂಥದಲ್ಲಿ ಅವರ ಮನೆಯಲ್ಲಿಯೇ ಇಳಿದುಕೊಂಡು ಅದೇ ಕಸುಬು ಮಾಡಿದನು, ಮುಂದೆ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅವರ ಮನೆಯಲ್ಲಿ ಕೂಡುವ ಸಭೆಗೆ ವಂದನೆ ಹೇಳಿದನು. ಆ ಕಾಲದ ವಿಶ್ವಾಸಿಗಳಿಗೆ ಇನ್ನೂ ಚರ್ಚಿನ ಕಟ್ಟಡಗಳಿರಲಿಲ್ಲ. ದುಡಿದು ಉಣ್ಣುವವರ ಮನೆಗಳಲ್ಲಿಯೇ ಅವರು ಕೂಡುತ್ತಿದ್ದರು. ನಮ್ಮ ಊರಿನ ಮಗ್ಗದ ಮನೆಗಳನ್ನು ನೋಡಿದವರಿಗೆ ಇದು ಎರಡು ಸಾವಿರ ವರ್ಷದ ಹಿಂದಿನ ಸುದ್ದಿಯೆಂದು ಅನ್ನಿಸುವುದೇ ಇಲ್ಲ.

ಹುಳಿಹಿಟ್ಟಿನ ಸಾಮ್ಯವನ್ನು ಮಾತ್ರ ನಮ್ಮಲ್ಲಿ ಸ್ವಲ್ಪ ತಿರುಗಿಸಿ ಹೇಳಬೇಕಾಗುತ್ತದೆ, ಏಕೆಂದರೆ ಜೋಳದ ರೊಟ್ಟಿಗೆ ಹುಳಿ ಬೇಡ, ಬಿಸಿನೀರು ಸಾಕು. ಹೀಗಾಗಿ ಮೊಸರಿಗೆ ಹಾಕುವ ಹೆಪ್ಪನ್ನು ಉದಾಹರಿಸಿದೆ. ರಾತ್ರಿ ಒಂದು ಚಮಚ ಹೆಪ್ಪು ಹಾಕಿಟ್ಟರೆ ಬೆಳಗಾಗುವುದರೊಳಗೆ ಪಾತ್ರೆಯ ಹಾಲೆಲ್ಲ ಮೊಸರಾಗುವ ಹಾಗೆ ದೇವರ ರಾಜ್ಯವೂ ಸದ್ದಿಲ್ಲದೆ ಕೆಲಸ ಮಾಡುತ್ತದೆ ಎನ್ನುವಷ್ಟರಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಅಕ್ಕಾರ, ಹೆಪ್ಪು ಹಾಕಿದ ಮ್ಯಾಲೆ ಅಲುಗಾಡಿಸಿದ್ರ ಗಟ್ಟಿ ಆಗೂದಿಲ್ರಿ, ನಮ್ಮವ್ವ ಮುಟ್ಟಾಕ ಕೊಡೂದಿಲ್ಲ" ಎಂದಳು. ಮಕ್ಕಳ ಭಕ್ತಿಯನ್ನು ಗಳಿಗೆಗೊಮ್ಮೆ ಪರೀಕ್ಷಿಸುತ್ತ, ಪ್ರಾರ್ಥನೆ ಹೇಳಿಸಿ ನೆಂಟರ ಮುಂದೆ ಪ್ರದರ್ಶಿಸುವ ಪಾಲಕರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಹೊಳೆದಿಲ್ಲ. ಆ ಸಾಮ್ಯದ ಹೆಂಗಸು ಕಲಸಿದ ಮೂರು ಅಳತೆಯ ಹಿಟ್ಟು ಒಂದು ಸಂಸಾರದ ಊಟಕ್ಕೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚಿನದು, ಓಣಿಗೆಲ್ಲ ಸಾಲುವಷ್ಟು ಎಂಬುದನ್ನೂ ಸೇರಿಸಿ ಹೇಳುವುದುಂಟು.

ಮನೆಯಲ್ಲಿ ಪಾಠ ಹುಡುಕುವವರು ಸಾಮಾನ್ಯವಾಗಿ ಇಂಥ ಹಿತವಾದವುಗಳನ್ನೇ ಆರಿಸಿಕೊಂಡು ನಿಲ್ಲಿಸಿಬಿಡುತ್ತಾರೆ ಎಂಬುದೇ ನನ್ನ ತಕರಾರು. ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲಮನೆ ಕಳೆದುಕೊಂಡು ಪರಿಹಾರ ಪಡೆದ ಕುಟುಂಬಗಳಲ್ಲಿ ಆ ಹಣಕ್ಕಾಗಿಯೇ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಿದ್ದು ಬಾಗಲಕೋಟೆ ಜಿಲ್ಲೆಯವರಿಗೆ ಹೊಸ ಸಂಗತಿಯಲ್ಲ, ಮತ್ತು ಇದರಲ್ಲಿ ಕ್ರೈಸ್ತರು ಬೇರೆ, ಉಳಿದವರು ಬೇರೆ ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಆಸ್ತಿಯಲ್ಲಿ ನನ್ನ ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳು ಎಂದು ಒಬ್ಬನು ಗುಂಪಿನೊಳಗಿಂದ ಕೇಳಿಕೊಂಡಾಗ ಯೇಸುವು ಪಾಲು ಮಾಡಿಕೊಡಲು ಒಪ್ಪಲಿಲ್ಲ, ಲೋಭದ ವಿಷಯದಲ್ಲಿ ಎಚ್ಚರವಾಗಿರಿ ಎಂದನು. ತಪ್ಪಿಹೋದ ಮಗನ ಸಾಮ್ಯವೂ ಪಾಲು ಕೇಳುವುದರಿಂದಲೇ ಆರಂಭವಾಗುತ್ತದೆ. ಕಿರಿಯ ಮಗ ತನ್ನ ಪಾಲನ್ನು ಹಾಳುಮಾಡಿ ಪಶ್ಚಾತ್ತಾಪಪಟ್ಟು ಮರಳಿದಾಗ ಅಪ್ಪನು ಹಬ್ಬದೂಟ ಮಾಡಿಸುತ್ತಾನೆ. ಆ ಕಥೆ, ಹೊರಗೆ ಮುನಿಸಿಕೊಂಡು ನಿಂತ ಹಿರಿಯ ಮಗ ಕೊನೆಗೆ ಒಳಗೆ ಬಂದನೋ ಇಲ್ಲವೋ ಎಂಬುದನ್ನು ಹೇಳದೆಯೇ ಮುಗಿಯುತ್ತದೆ. ನಮ್ಮ ಪ್ರಸಂಗಗಳಲ್ಲಿ ಕಿರಿಯವನ ಪಶ್ಚಾತ್ತಾಪಕ್ಕೆ ಸಿಗುವ ಸಮಯದ ಅರ್ಧದಷ್ಟಾದರೂ ಈ ಹಿರಿಯವನಿಗೆ ಸಿಗಬೇಕು. ಹೊಲದಲ್ಲಿ ದುಡಿದವನು ತಾನು, ಹಬ್ಬದೂಟ ತಮ್ಮನಿಗೆ ಎಂಬ ಅವನ ಸಂಕಟ ನಮ್ಮ ಎಷ್ಟೋ ಮನೆಗಳ ಹಿರಿಯ ಮಕ್ಕಳದ್ದೂ ಆಗಿದೆ. ಅಪ್ಪನು ಅವನನ್ನು ಗದರಿಸಲಿಲ್ಲ, ಅಂಗಳಕ್ಕೆ ಬಂದು ಬೇಡಿಕೊಂಡನು. ಅಷ್ಟು ತಗ್ಗಿ ನಡೆಯುವ ಹಿರಿಯರು ಮನೆಯಲ್ಲಿದ್ದರೆ ವಕೀಲರಿಗೆ ಕೆಲಸ ಕಡಿಮೆಯಾದೀತು.

ಮಾರ್ಥ ಮತ್ತು ಮರಿಯರ ಕಥೆಯದ್ದು ಇನ್ನೊಂದು ಬಗೆಯ ಸಮಸ್ಯೆ. ಯೇಸು ಈ ಅಕ್ಕತಂಗಿಯರ ಮನೆಗೆ ಬಂದಾಗ ಮರಿಯಳು ಆತನ ಪಾದದ ಬಳಿ ಕುಳಿತು ಕೇಳುತ್ತಿದ್ದಳು. ಅಡಿಗೆಯ ಗಡಿಬಿಡಿಯಲ್ಲಿದ್ದ ಮಾರ್ಥಳು ದೂರಿದಾಗ, ಮರಿಯಳು ಒಳ್ಳೆಯ ಭಾಗವನ್ನೇ ಆರಿಸಿಕೊಂಡಿದ್ದಾಳೆ ಎಂದು ಸ್ವಾಮಿಯು ಹೇಳಿದ ಮಾತನ್ನು ಮಹಿಳಾ ಕೂಟಗಳಲ್ಲಿ ಹೆಂಗಸರಿಗೆ ಬುದ್ಧಿವಾದವಾಗಿ ಓದಲಾಗುತ್ತದೆ, ಓದಿದ ಮೇಲೆ ಊಟದ ವ್ಯವಸ್ಥೆಯೂ ಅವರ ಮೇಲೆಯೇ ಬೀಳುತ್ತದೆ. ನಮ್ಮ ಮನೆಗಳಲ್ಲಿ ಊಟಕ್ಕೆ ಮುಂಚೆ ಎಲ್ಲರೂ ಕೂಡಿ ಪ್ರಾರ್ಥನೆ ಮಾಡುತ್ತಾರೆ. ಆಮೇಲೆ ಗಂಡಸರೂ ಮಕ್ಕಳೂ ಉಣ್ಣುತ್ತಾರೆ, ರೊಟ್ಟಿ ಬಡಿಯುವವಳು ಹಂಚಿನ ಮುಂದೆಯೇ ಉಳಿಯುತ್ತಾಳೆ. ಪ್ರಾರ್ಥನೆಗೆ ಸೇರಿದವಳು ಪಂಕ್ತಿಗೆ ಸೇರುವುದಿಲ್ಲ. ಬಿಸಿ ರೊಟ್ಟಿಯೇ ಬೇಕೆಂಬ ಹಟವನ್ನು ಭಾನುವಾರವಾದರೂ ಬಿಟ್ಟು, ಮೊದಲೇ ಮಾಡಿಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನೊಂದಿಗೆ ಎಲ್ಲರೂ ಒಟ್ಟಿಗೆ ಕುಳಿತು ಉಂಡರೆ ಚರ್ಚಿನಲ್ಲಿ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಬಗ್ಗೆ ನಾನು ಒಂದು ತಿಂಗಳು ಹೇಳುವ ಪಾಠ ಮಕ್ಕಳಿಗೆ ಒಂದೇ ಊಟದಲ್ಲಿ ತಿಳಿದೀತು.

ಅಜ್ಜಿಯರ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಪೌಲನ ಜೊತೆಗಾರನಾಗಿದ್ದ ತಿಮೊಥೆಯನ ವಿಶ್ವಾಸ ಮೊದಲು ಅವನ ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ಇತ್ತೆಂದು ಪೌಲನು ಬರೆಯುತ್ತಾನೆ. ಅವನ ತಂದೆಯಾದರೋ ಗ್ರೀಕನು. ಒಂದೇ ಸೂರಿನ ಕೆಳಗೆ ಬೇರೆ ಬೇರೆ ಹಿನ್ನೆಲೆಯವರು ಇರುವುದು ನಮ್ಮ ಬಂಧುಬಳಗಕ್ಕೂ ಹೊಸದಲ್ಲ. ಕ್ರಿಸ್‌ಮಸ್‌ಗೆ ಕರಚಿಕಾಯಿಯ ತಾಟು ಪಕ್ಕದ ಮನೆಗೆ ಹೋಗುವುದೂ, ಸಂಕ್ರಾಂತಿಗೆ ಕುಸುರೆಳ್ಳು ನಮ್ಮ ಮನೆಗೆ ಬರುವುದೂ ಸಹಜವಾಗಿ ನಡೆಯುತ್ತಿರುವಾಗ ಅದಕ್ಕೊಂದು ಉಪದೇಶದ ಚೀಟಿ ಅಂಟಿಸುವ ಅಗತ್ಯವಿಲ್ಲ.

ಇನ್ನು ಕೊನೆಯದಾಗಿ ನಮ್ಮ ಸಭೆಗಳಿಗೊಂದು ಸಲಹೆ. ವಾರದ ನಡುವೆ ಮನೆಮನೆಗಳಲ್ಲಿ ನಡೆಯುವ ಪ್ರಾರ್ಥನಾ ಕೂಟಗಳಲ್ಲಿ ಸಭಾಪಾಲಕರು ಅಥವಾ ಹಿರಿಯರು ಮಾತನಾಡುತ್ತಾರೆ, ಮನೆಯವರು ಕೇಳುತ್ತಾರೆ. ಆ ಸಮಯದ ಅರ್ಧವನ್ನು ಆ ಮನೆಯವರಿಗೇ ಬಿಟ್ಟುಕೊಡಬೇಕು. ಸಾಲ, ಮಗ್ಗದ ಕೂಲಿ, ಮುದುಕರ ಆರೈಕೆ, ಮಾತು ಬಿಟ್ಟ ತಮ್ಮ, ಯಾವುದರ ಬಗ್ಗೆಯಾದರೂ ಅವರು ಮಾತನಾಡಲಿ, ಪ್ರಾರ್ಥನೆ ಅದರಿಂದಲೇ ಹುಟ್ಟಲಿ. ಕೂಟದ ಹೊತ್ತನ್ನು ಮನೆಯಾಕೆಯನ್ನು ಕೇಳಿಯೇ ಗೊತ್ತುಮಾಡಬೇಕು. ಬಂದವರಿಗೆಲ್ಲ ಚಹಾ, ಚುರುಮುರಿ ಮಾಡುವುದಕ್ಕಾಗಿ ಆಕೆ ಅಡುಗೆಮನೆಯಲ್ಲಿಯೇ ಉಳಿಯುವಂತಿದ್ದರೆ ಚಹಾವನ್ನು ಬಿಟ್ಟುಬಿಡೋಣ.

ಇಂತಿ ತಮ್ಮ ವಿಶ್ವಾಸಿ,
ಭಾನುವಾರ ಶಾಲೆಯ ಶಿಕ್ಷಕಿ
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ