ಹಳೆಯ ಹಾರ್ಡ್ ಡಿಸ್ಕ್: ಓಡಿದ ಗಂಟೆ ಬಿಲ್ಲಿನಲ್ಲಿರಲಿ

ಮಾನ್ಯರೇ,

ಮನೆಯ ಫೋಟೊ, ವಿಡಿಯೊಗಳನ್ನು ಇಡಲು ಅಂತರ್ಜಾಲದ ಸಂಗ್ರಹ ಸೇವೆಗೆ ತಿಂಗಳು ತಿಂಗಳೂ ಬಾಡಿಗೆ ಕಟ್ಟುವ ಬದಲು, ಮೂಲೆಗೆ ಬಿದ್ದ ಕಂಪ್ಯೂಟರಿಗೆ ನಾಲ್ಕು ಹಾರ್ಡ್ ಡಿಸ್ಕ್ ಜೋಡಿಸಿ, ಉಚಿತವಾಗಿ ಸಿಗುವ ಓಪನ್‌ಮೀಡಿಯಾವಾಲ್ಟ್ ತಂತ್ರಾಂಶ ಹಾಕಿ ಸ್ವಂತ ಸರ್ವರ್ ಕಟ್ಟಿಕೊಳ್ಳುವ ನನ್ನಂಥವರು ನಗರದಲ್ಲಿ ಹಲವರಿದ್ದಾರೆ. 4 ಟಿಬಿಯ ನಾಲ್ಕು ಡಿಸ್ಕ್‌ಗಳನ್ನು ರೈಡ್-5 ಕ್ರಮದಲ್ಲಿ (ಒಂದು ಡಿಸ್ಕಿನಷ್ಟು ಜಾಗವನ್ನು ರಕ್ಷಣೆಗೆ ಮೀಸಲಿಟ್ಟು ಎಲ್ಲವನ್ನೂ ಒಂದಾಗಿ ಬಳಸುವ ವಿಧಾನ) ಜೋಡಿಸಿದರೆ 12 ಟಿಬಿ ಜಾಗ ಸಿಗುತ್ತದೆ. ಒಂದು ಕೆಟ್ಟರೂ ಮಾಹಿತಿ ಉಳಿಯುತ್ತದೆ. ಖರ್ಚಿನ ಬಹುಪಾಲು ಡಿಸ್ಕ್‌ಗಳದ್ದೇ ಆದ್ದರಿಂದ ಎಸ್.ಪಿ. ರಸ್ತೆಯ ಹಳೆಯ ಮಾಲಿನ ಅಂಗಡಿಗಳೇ ನಮಗೆ ಆಧಾರ.

ಕಳೆದ ತಿಂಗಳು ಅಲ್ಲಿನ ಅಂಗಡಿಯೊಂದರಲ್ಲಿ ‘ಹೆಚ್ಚು ಓಡಿಲ್ಲ’ ಎಂಬ ಮಾತು ನಂಬಿ ಕೊಂಡ ಡಿಸ್ಕ್‌ನ ಸ್ಮಾರ್ಟ್ ದಾಖಲೆಯನ್ನು (ಓಡಿದ ಗಂಟೆ, ದೋಷಗಳನ್ನು ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುವ ಲೆಕ್ಕ) ಮನೆಯಲ್ಲಿ ತೆರೆದು ನೋಡಿದಾಗ, ಅದು 31,000 ಗಂಟೆ, ಅಂದರೆ ಹಗಲಿರುಳು ಮೂರೂವರೆ ವರ್ಷ ಓಡಿರುವುದು ತಿಳಿಯಿತು. ಬಿಲ್ ಇಲ್ಲದ್ದರಿಂದ ಹಿಂದಿರುಗಿಸಲೂ ಆಗಲಿಲ್ಲ.

ಈ ದಾಖಲೆ ತೆಗೆಯಲು ಎರಡು ನಿಮಿಷ ಸಾಕು. ಓಡಿದ ಗಂಟೆಯನ್ನೂ, ಡಿಸ್ಕ್ ಎಸ್‌ಎಂಆರ್ (ಮಾಹಿತಿ ಬರೆಯುವ ಪಥಗಳು ಒಂದರ ಮೇಲೊಂದು ತುಸು ಚಾಚಿರುವ) ಬಗೆಯದೋ ಸಿಎಂಆರ್ (ಪಥಗಳು ಬಿಡಿಬಿಡಿಯಾಗಿರುವ) ಬಗೆಯದೋ ಎಂಬುದನ್ನೂ ಬಿಲ್ಲಿನಲ್ಲಿ ಬರೆದುಕೊಡುವ ಪದ್ಧತಿಯನ್ನು ವರ್ತಕರೇ ಆರಂಭಿಸಬೇಕು. ಎಸ್‌ಎಂಆರ್ ಡಿಸ್ಕ್‌ಗಳು ಕೆಟ್ಟ ಡಿಸ್ಕ್ ಬದಲಿಸಿ ಮಾಹಿತಿಯನ್ನು ಮತ್ತೆ ತುಂಬಿಸುವ ರೈಡ್ ಮರುಜೋಡಣೆಯ ವೇಳೆ ತೀರಾ ನಿಧಾನವಾಗುತ್ತವೆ, ಆ ಹೊತ್ತಿನಲ್ಲಿ ಇನ್ನೊಂದು ಡಿಸ್ಕ್ ಕೈಕೊಟ್ಟರೆ ಎಲ್ಲವೂ ಹೋಗುತ್ತದೆ. ಕೊಳ್ಳುವವರೂ ಅಂಗಡಿಯಲ್ಲೇ ದಾಖಲೆ ತೋರಿಸುವಂತೆ ಕೇಳಬೇಕು. ರೈಡ್ ಇದ್ದರೂ ಮಕ್ಕಳ ಫೋಟೊಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ಇಟ್ಟಿರಬೇಕು.

– ಓದುಗ, ಬಸವನಗುಡಿ, ಬೆಂಗಳೂರು