ಬಾಡಿಗೆ ಮನೆ ಮೇಲೆ ಲೋನ್ ಇರೋರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ 🙏 ಬಾಡಿಗೆ ದುಡ್ಡಲ್ಲೇ ಇಎಂಐ ಕಟ್ತಿರೋ ಓನರ್‌ಗಳು ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮನೆ ಟೆರೇಸಿಗೆ ಬನ್ನಿ. ನಮ್ಮ ಮೇಲಿನ ಮನೆ ಮೂರು ತಿಂಗಳು ಖಾಲಿ ಬಿದ್ದಿತ್ತು, ಗೇಟಲ್ಲಿದ್ದ ಟು ಲೆಟ್ ಬೋರ್ಡ್ ಬಿಸಿಲಿಗೆ ಬಣ್ಣ ಹೋಯ್ತು, ಇಎಂಐ ಮಾತ್ರ 5ನೇ ತಾರೀಖು ತಪ್ಪದೆ ಕಟ್ ಆಗ್ತಿತ್ತು, ಕೊನೆಗೆ ಮನೆಯವರ ಬಳೆ ಅಡ ಇಟ್ಟೆ. ಕಂತು 90 ದಿನ ಮೀರಿದ್ರೆ ಅಕೌಂಟ್ ಎನ್‌ಪಿಎ, ಅಂದ್ರೆ ಬ್ಯಾಂಕ್ ಲೆಕ್ಕದಲ್ಲಿ ಕೆಟ್ಟ ಸಾಲ, ಆಮೇಲೆ ಸರ್ಫೇಸಿ (ಬ್ಯಾಂಕ್ ಸಾಲ ವಸೂಲಿ) ಕಾಯ್ದೆಲಿ 60 ದಿನದ ನೋಟಿಸು, ಅದೂ ಮುಗಿದ್ರೆ ಮನೆ ಬ್ಯಾಂಕ್ ವಶ. ಬ್ಯಾಂಕಿಗೂ ತಲೆನೋವೇ, ಒಳಗೆ ಜನ ಇರೋ ಮನೆಗೆ ಹರಾಜಲ್ಲಿ ಒಳ್ಳೆ ರೇಟ್ ಬರೋದು ಕಷ್ಟ.

ಬ್ಯಾಂಕಿಗೆ ಹೇಳದೆ ಭೋಗ್ಯಕ್ಕೆ ಕೊಟ್ಟಿರೋರು ದಯವಿಟ್ಟು ನಂಗೆ ಪರ್ಸನಲ್ ಆಗಿ ಮೆಸೇಜ್ ಮಾಡಿ, ಅಲ್ಲಿ ಇನ್ನೊಬ್ಬರ ಲಕ್ಷಾಂತರ ದುಡ್ಡು ಸಿಕ್ಕೊಂಡಿರುತ್ತೆ. ಲೋನ್ ಸ್ಟೇಟ್‌ಮೆಂಟ್, ಬಾಡಿಗೆ ಅಗ್ರಿಮೆಂಟ್ ತನ್ನಿ. ಬರೋರು ಶನಿವಾರ ಸಂಜೆ ಒಳಗೆ ಇಲ್ಲೇ ಹೆಸರು ಹಾಕಿ.