ಕ್ರಿಸ್‌ಮಸ್ ದಿನಾಂಕ ‘ಕದ್ದದ್ದು’ ಎನ್ನಲು ಸಾಕ್ಷ್ಯ ಸಾಲದು

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಎರಡು ಮಾತುಗಳು ನಮ್ಮ ಕಡೆಯ ಸಭೆಗಳಲ್ಲಿ, ಶಾಲಾ ಭಾಷಣಗಳಲ್ಲಿ, ಈಗೀಗ ಮೊಬೈಲ್ ಸಂದೇಶಗಳಲ್ಲಿ ತಪ್ಪದೆ ಕೇಳಿಬರುತ್ತವೆ. ರೋಮನ್ನರ ಸೂರ್ಯನ ಹಬ್ಬವನ್ನು ಚರ್ಚು ಎತ್ತಿಕೊಂಡು ಕ್ರಿಸ್‌ಮಸ್ ಎಂದು ಹೆಸರಿಟ್ಟಿತು ಎಂಬುದು ಒಂದು. ಅದೂ ನಮ್ಮ ಉತ್ತರಾಯಣವೇ, ಚಳಿಗಾಲದ ಹಬ್ಬಗಳೆಲ್ಲ ಸೂರ್ಯ ಮರಳುವ ಸಂಭ್ರಮದಿಂದಲೇ ಹುಟ್ಟಿದವು ಎಂಬುದು ಇನ್ನೊಂದು. ಭೂಗೋಳ ಪಾಠ ಮಾಡಿಕೊಂಡು ಬಂದ ನನಗೆ ಎರಡೂ ಅರ್ಧಂಬರ್ಧ ಮಾತುಗಳಾಗಿ ಕಾಣುತ್ತವೆ.

ಮೊದಲನೆಯದಕ್ಕೆ ಇರುವ ಆಧಾರವನ್ನು ನೋಡೋಣ. ರೋಮ್ ಚಕ್ರವರ್ತಿ ಔರೇಲಿಯನ್ ಕ್ರಿ.ಶ. 274ರಲ್ಲಿ ‘ಅಜೇಯ ಸೂರ್ಯ’ನಿಗೆ ದೊಡ್ಡ ದೇಗುಲ ಕಟ್ಟಿಸಿದ್ದು ನಿಜ. ಆದರೆ ಅದರ ಪ್ರತಿಷ್ಠೆ ಡಿಸೆಂಬರ್ 25ರಂದೇ ನಡೆಯಿತೆಂದು ಅವನ ಕಾಲದ ಯಾವ ಬರಹವೂ ಹೇಳುವುದಿಲ್ಲ. ಆ ದಿನ ‘ಅಜೇಯನ ಜನ್ಮದಿನ’, ಅದಕ್ಕಾಗಿ 30 ರಥದ ಓಟಗಳು ಎಂಬ ಚುಟುಕು ನಮೂದು ಸಿಗುವುದು ಕ್ರಿ.ಶ. 354ರ ಒಂದು ರೋಮನ್ ಪಂಚಾಂಗ ಸಂಕಲನದಲ್ಲಿ. ಸ್ವಾರಸ್ಯವೆಂದರೆ, ಕ್ರಿಸ್ತನು ಯೂದಾಯದ ಬೇತ್ಲೆಹೇಮಿನಲ್ಲಿ ಇದೇ ದಿನ ಹುಟ್ಟಿದನೆಂಬ ಅತ್ಯಂತ ಹಳೆಯ ಖಚಿತ ದಾಖಲೆಯೂ ಅದೇ ಸಂಕಲನದ ಇನ್ನೊಂದು ಪಟ್ಟಿಯಲ್ಲಿದೆ, ಮತ್ತು ಆ ಪಟ್ಟಿ 336ರಷ್ಟು ಹಿಂದಿನದು ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಒಂದೇ ಹೊತ್ತಗೆಯಲ್ಲಿ ಎರಡೂ ಒಟ್ಟಿಗೆ ಕಾಣಿಸಿಕೊಂಡಿರುವಾಗ ಯಾರು ಯಾರಿಂದ ಪಡೆದರೆಂದು ಅಷ್ಟು ಧೈರ್ಯದಿಂದ ಹೇಳುವುದು ಹೇಗೆ? ಇನ್ನು ಕೆಲವರು ಮೂಲವೆಂದು ತೋರಿಸುವ ರೋಮನ್ನರ ಸ್ಯಾಟರ್ನೇಲಿಯಾ ಹಬ್ಬವೋ, ಡಿಸೆಂಬರ್ 17ಕ್ಕೆ ಶುರುವಾಗಿ 23ರ ಹೊತ್ತಿಗೆ ಮುಗಿದೇ ಹೋಗುತ್ತಿತ್ತು. ಒಡೆಯರು ಆಳುಗಳಿಗೆ ಊಟ ಬಡಿಸುತ್ತಿದ್ದ, ಮೇಣದಬತ್ತಿ, ಮಣ್ಣಿನ ಗೊಂಬೆಗಳನ್ನು ಉಡುಗೊರೆ ಕೊಡುತ್ತಿದ್ದ ಆ ಹಬ್ಬದ ಗುಂಗು ಮುಂದಿನ ವಾರಕ್ಕೂ ಹರಿದಿರಬಹುದು, ದಿನಾಂಕವಂತೂ ಅದರದ್ದಲ್ಲ.

ಇದಕ್ಕೆ ಪ್ರತಿಯಾಗಿ ಇನ್ನೊಂದು ವಿವರಣೆಯಿದೆ, ನಮ್ಮಲ್ಲಿ ಅದನ್ನು ಎತ್ತುವವರು ಕಡಿಮೆ. ಕ್ರಿಸ್ತನು ಮಾರ್ಚ್ 25ರಂದು ಶಿಲುಬೆಗೇರಿದನು, ಅದೇ ದಿನ ತಾಯಿಯ ಗರ್ಭವನ್ನೂ ಸೇರಿದ್ದನು ಎಂಬ ನಂಬಿಕೆ ಪಶ್ಚಿಮದ ಕ್ರೈಸ್ತರಲ್ಲಿತ್ತು. ಐದನೇ ಶತಮಾನದ ಆದಿಯಲ್ಲಿ ಸಂತ ಅಗಸ್ಟಿನ್ ಇದನ್ನು ಪರಂಪರೆಯ ಮಾತೆಂದೇ ಬರೆದಿದ್ದಾನೆ. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರೆ ಡಿಸೆಂಬರ್ 25. ಪೂರ್ವದ ಕೆಲವರು ಏಪ್ರಿಲ್ 6ರಿಂದ ಎಣಿಸಿ ಜನವರಿ 6ಕ್ಕೆ ಬಂದರು, ಅರ್ಮೇನಿಯಾದ ಚರ್ಚು ಇಂದಿಗೂ ಆ ದಿನವನ್ನೇ ಪಾಲಿಸುತ್ತದೆ. ಈ ಲೆಕ್ಕವೇ ಸರಿಯೆಂದು ನಾನು ವಾದಿಸುವುದಿಲ್ಲ. ಹಬ್ಬದ ದಿನ ಗೊತ್ತಾದ ಮೇಲೆ ಲೆಕ್ಕ ಕೂಡಿಸಿಕೊಂಡಿರುವ ಸಂಭವವೂ ಉಂಟು. ಆದರೆ ತೀರ್ಮಾನವಾಗದ ವಿಷಯವನ್ನು ತೀರ್ಪಿನಂತೆ ಮಕ್ಕಳ ಮುಂದೆ ಓದಬಾರದು.

ಎರಡನೆಯ ಮಾತು ನಮಗೆ ಹೆಚ್ಚು ಹತ್ತಿರದ್ದು. ಸಂಕ್ರಾಂತಿಯಂದು ಉತ್ತರಾಯಣ ಆರಂಭವೆಂದು ನಾವು ಹೇಳಿಕೊಂಡು ಬಂದಿದ್ದೇವೆ. ಆಕಾಶದಲ್ಲಿ ಅದು ಆರಂಭವಾಗುವುದು ಡಿಸೆಂಬರ್ 21 ಅಥವಾ 22ರಂದು. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ನಕ್ಷತ್ರಗಳನ್ನು ಹಿಡಿದು ಎಣಿಸುವ ಮಕರ ಸಂಕ್ರಮಣಕ್ಕೂ ಋತುವಿಗೂ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತಾ ಬಂದು, ಈಗ ಅದು 24 ದಿನದಷ್ಟಾಗಿದೆ. ಇಂದು ಬಳಕೆಯಲ್ಲಿರುವ ಗಣಿತದ ಪ್ರಕಾರ ಎರಡೂ ಕೂಡಿದ್ದು ಕ್ರಿ.ಶ. 285ರ ಸುಮಾರಿಗೆ, ಅಂದರೆ ಔರೇಲಿಯನ್ ದೇಗುಲ ಕಟ್ಟಿಸಿದ ಹನ್ನೊಂದು ವರ್ಷದ ಮೇಲೆ! ರೋಮನ್ನರ ಲೆಕ್ಕವೂ ಜಾರಿತ್ತು. ಜೂಲಿಯಸ್ ಸೀಸರನ ವರ್ಷ ಹನ್ನೊಂದು ನಿಮಿಷ ಉದ್ದವಾಗಿದ್ದ ಕಾರಣ 1582ರಲ್ಲಿ ಹತ್ತು ದಿನಗಳನ್ನೇ ತೆಗೆದುಹಾಕಬೇಕಾಯಿತು. ಆ ತಿದ್ದುಪಡಿಯನ್ನು ಒಪ್ಪದ ರಷ್ಯಾದ ಚರ್ಚು ಈಗಲೂ ಜನವರಿ 7ಕ್ಕೆ ಕ್ರಿಸ್‌ಮಸ್ ಆಚರಿಸುತ್ತದೆ. ಹೀಗಿರುವಾಗ ಯಾರ ಹಬ್ಬದ ದಿನಾಂಕ ‘ಅಸಲಿ’ ಎಂಬ ಜಗಳದಲ್ಲಿ ಎರಡೂ ಕಡೆಯವರ ಕೈಯಲ್ಲಿರುವುದು ಹಳೆಯ ಗಡಿಯಾರವೇ.

ಇದಕ್ಕಿಂತ ಮುಖ್ಯವಾದದ್ದು ಅಕ್ಷಾಂಶ. ಡಿಸೆಂಬರ್ ಕೊನೆಯಲ್ಲಿ ರೋಮಿನ ಹಗಲು ಒಂಬತ್ತು ಗಂಟೆ ಚಿಲ್ಲರೆ, ಸ್ಟಾಕ್‌ಹೋಮಿನದು ಆರು ಗಂಟೆ. ಅಂಥ ಕಡೆ ಸೂರ್ಯ ಮರಳುತ್ತಾನೆಂಬುದು ಹಬ್ಬ ಮಾಡುವಷ್ಟು ದೊಡ್ಡ ಸುದ್ದಿ. ರಾಯಚೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆ 10 ನಿಮಿಷದಷ್ಟಿದೆ. ಮೇಲಾಗಿ ಇಲ್ಲಿ ಸಂಜೆ ಹಿಗ್ಗತೊಡಗುವುದು ನವೆಂಬರ್ ಕೊನೆಯಿಂದಲೇ, ಬೆಳಗಿನ ಸೂರ್ಯೋದಯ ಮಾತ್ರ ಸಂಕ್ರಾಂತಿ ಕಳೆದರೂ ಇನ್ನೂ ಕೆಲವು ದಿನ ತಡವಾಗುತ್ತಲೇ ಹೋಗುತ್ತದೆ. ಬಾನಿನ ಬೆಳಕನ್ನೇ ನೋಡಿ ಹಬ್ಬ ಹುಟ್ಟಿಸಬೇಕಾಗಿದ್ದರೆ ನಮ್ಮ ಹಿರಿಯರು ಯಾವ ದಿನವನ್ನು ಹಿಡಿಯಬೇಕಿತ್ತು?

ಅವರು ಹಿಡಿದದ್ದು ಹೊಲವನ್ನು. ಈ ಭಾಗದ ರೈತರಿಗೆ ಚಳಿಗಾಲದ ದೊಡ್ಡ ಹಬ್ಬವೆಂದರೆ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ. ಎರೆಹೊಲದಲ್ಲಿ ಬಿಳಿಜೋಳ ಎದೆಮಟ್ಟ ನಿಂತು, ಕಡಲೆ ಹೂವಾಗಿ, ಎಲೆಯ ಮೇಲಿನ ಇಬ್ಬನಿ ಹೊತ್ತೇರುವವರೆಗೂ ಆರದ ದಿನಗಳವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ, ಎಣ್ಣೆಗಾಯಿ ಕಟ್ಟಿಕೊಂಡು ಬಂಡಿ ಹೂಡಿ ಹೋಗಿ, ಬದುವಿನಲ್ಲಿ ಐದು ಕಲ್ಲು ನಿಲ್ಲಿಸಿ ಪೂಜಿಸಿ, ಬೆಳೆಯ ಸಾಲುಗಳ ನಡುವೆ ಚರಗ (ಎಡೆಯ ಅಡುಗೆ) ಚೆಲ್ಲಿದ ಮೇಲೆಯೇ ಊಟ. ಸೂರ್ಯನ ಪಥಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಅಮಾವಾಸ್ಯೆಗೆ ಅಂಟಿಕೊಂಡ ಹಬ್ಬವಾದ್ದರಿಂದ 2024ರಲ್ಲಿ ಜನವರಿ 11ಕ್ಕೊಮ್ಮೆ, ಡಿಸೆಂಬರ್ 30ಕ್ಕೊಮ್ಮೆ ಬಂತು. ಹಿಂಗಾರಿನ ಬೆಳೆಯೇ ಇಲ್ಲದಿದ್ದರೆ ಈ ಹಬ್ಬವೂ ಇರುತ್ತಿರಲಿಲ್ಲ. ಇದನ್ನೂ ಸೂರ್ಯಾರಾಧನೆಯ ಪಟ್ಟಿಗೆ ಸೇರಿಸುವುದು ಒಕ್ಕಲುತನ ಗೊತ್ತಿಲ್ಲದವರ ಮಾತು.

ಕ್ರಿಸ್‌ಮಸ್‌ನ ಇತರ ಆಚರಣೆಗಳೂ ಒಂದೇ ಬುಡದಿಂದ ಬಂದವಲ್ಲ. ಅಲಂಕರಿಸಿದ ಮರ ಹದಿನಾರನೇ ಶತಮಾನದ ಜರ್ಮನ್ ಭಾಷಿಕರ ಪಟ್ಟಣಗಳದ್ದು. ಇಂಗ್ಲೆಂಡಿನಲ್ಲಿ ಮನೆಮಾತಾದದ್ದು ವಿಕ್ಟೋರಿಯಾ ರಾಣಿಯ ಕುಟುಂಬದ ಚಿತ್ರ 1848ರಲ್ಲಿ ಪತ್ರಿಕೆಯಲ್ಲಿ ಅಚ್ಚಾದ ಮೇಲೆ. ಕ್ರಿಸ್ತನ ಜನನದ ದೃಶ್ಯ ಕಟ್ಟುವ ಗೋದಲಿಯ ಪದ್ಧತಿಗೆ ಚಾಲನೆ ಕೊಟ್ಟವನು 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಸಂತ ಫ್ರಾನ್ಸಿಸ್. ನಮ್ಮ ಜಿಲ್ಲೆಯ ಮುದ್ಗಲ್‌ನಲ್ಲಿ ಕ್ಯಾಥೋಲಿಕ್ ನೆಲೆ ಆದಿಲ್‌ಶಾಹಿ ಕಾಲದಷ್ಟು ಹಳೆಯದು. ಇಂದು ಈ ಭಾಗದ ಗೋದಲಿಗಳಲ್ಲಿ ಹಾಸುವುದು ಸಿಂಧನೂರು, ಗಂಗಾವತಿ ಕಡೆ ಆಗಷ್ಟೇ ಕೊಯ್ಲಾದ ಭತ್ತದ ಹುಲ್ಲು. ತುಂಗಭದ್ರಾ ಕಾಲುವೆ ಬರುವ ಮುಂಚೆ ಏನು ಹಾಸುತ್ತಿದ್ದರೋ ಮುದ್ಗಲ್‌ನ ಹಿರಿಯರನ್ನೇ ಕೇಳಬೇಕು.

ನಿಮ್ಮಲ್ಲಿ ಎರಡು ವಿನಂತಿಗಳಿವೆ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಸಮಿತಿ ರೂಪಿಸಿ, 1957ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಪಂಚಾಂಗದಲ್ಲಿ ಪೌಷ ಮಾಸದ ಮೊದಲ ದಿನ ಡಿಸೆಂಬರ್ 22ಕ್ಕೆ ಬೀಳುತ್ತದೆ. ಅಯನದ ಬದಲಾವಣೆಗೆ ಅಷ್ಟು ಹತ್ತಿರದ ದಿನವದು. ನಿಮ್ಮ ನಿತ್ಯ ಪಂಚಾಂಗದ ಅಂಕಣದಲ್ಲಿ ಆ ದಿನ ಈ ಸಂಗತಿಯನ್ನೂ, ಅಂದಿನಿಂದ ಜನವರಿ ಕೊನೆಯವರೆಗೆ ರಾಯಚೂರು, ಬಳ್ಳಾರಿ, ಕೊಪ್ಪಳಗಳ ಸೂರ್ಯೋದಯ ಮತ್ತು ಸೂರ್ಯಾಸ್ತದ ವೇಳೆಯನ್ನೂ ಬೇರೆಬೇರೆಯಾಗಿ ಅಚ್ಚು ಹಾಕಿರಿ. ಶಾಲೆಗಳಲ್ಲಿ ಮಕ್ಕಳು ಅದನ್ನು ನಕ್ಷೆ ಬರೆದು ನೋಡಬಹುದು. ಹಾಗೆಯೇ ಕ್ರಿಸ್‌ಮಸ್ ಪುರವಣಿಗೆ ದೂರದ ನಗರಗಳ ಕೇಕಿನ ಚಿತ್ರಗಳು ಸಾಕು, ಈ ಬಾರಿ ನಿಮ್ಮ ವರದಿಗಾರರೊಬ್ಬರನ್ನು ಮುದ್ಗಲ್‌ಗೆ ಕಳುಹಿಸಿರಿ.

– ನಿವೃತ್ತ ಭೂಗೋಳ ಶಿಕ್ಷಕ, ಲಿಂಗಸುಗೂರು, ರಾಯಚೂರು ಜಿಲ್ಲೆ